ಮಕ್ಕಳನ್ನು ‘ನೀತಿ ಏನು’ ಅಂತ ಕೇಳಬೇಡ್ರಿ

ನಮಸ್ಕಾರ ರೀ ಎಲ್ಲರಿಗೂ. ಇವತ್ತು ಬಣ್ಣದ ಬ್ರಷ್ ತೊಳೆಯೋದು ಹೇಗೆ ಅಂತ ತೋರಿಸಬೇಕಿತ್ತು. ಅದು ಮುಂದಿನ ವಾರ. ನಿನ್ನೆ ಒಂದು ಕಾಮೆಂಟ್ ಓದಿ ತಲೆ ಕೆಟ್ಟಿದೆ, ಅದನ್ನ ಮೊದಲು ಮುಗಿಸಿಬಿಡ್ತೀನಿ.

ಹೋದ ಭಾನುವಾರ ಅಣ್ಣನ ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯಲ್ಲಿ ಮಕ್ಕಳಿಗಾಗಿ ಇಟ್ಟ ಚಿತ್ರಕಲೆ ಪ್ರದರ್ಶನಕ್ಕೆ ಹೋಗಿದ್ದೆ. ಎಲ್ಲಾ ಬುದ್ಧನ ಜಾತಕ ಕಥೆಗಳು, ಅಂದರೆ ಅವನ ಹಿಂದಿನ ಜನ್ಮಗಳ ಕಥೆಗಳು. ಮುಟ್ಟಬಹುದು, ಎಳೆಯಬಹುದು, ಒಳಗೆ ಹೊಕ್ಕು ಕೂರಬಹುದು. ಒಂದು ಕಡೆ ಲಾವಕ್ಕಿಗಳ ಕಥೆ ಇತ್ತು. ಬೇಡ ಬಲೆ ಬೀಸುತ್ತಾನೆ, ಹಕ್ಕಿಗಳೆಲ್ಲ ಒಟ್ಟಿಗೆ ಬಲೆಯನ್ನೇ ಎತ್ತಿಕೊಂಡು ಹಾರಿ ಮುಳ್ಳಿನ ಗಿಡದ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತವೆ. ಆಮೇಲೆ ಒಂದು ದಿನ ಒಂದು ಹಕ್ಕಿ ಇನ್ನೊಂದರ ತಲೆ ತುಳಿಯಿತು ಅಂತ ಜಗಳ ಶುರು, ಬಲೆ ಏಳಲಿಲ್ಲ. ಅಲ್ಲಿ ದೊಡ್ಡ ಹಗ್ಗದ ಬಲೆ ಇಟ್ಟಿದ್ದರು. ಹತ್ತು ಹನ್ನೆರಡು ಮಕ್ಕಳು ಅದರ ಕೆಳಗೆ ಸೇರಿ ಎತ್ತೋದು, ಬೀಳಿಸೋದು, ನಗೋದು. ನೋಡಲು ಎಷ್ಟು ಚಂದ!

ಅಷ್ಟರಲ್ಲಿ ಒಬ್ಬರು ತಮ್ಮ ಹುಡುಗನನ್ನು ಬಲೆಯಿಂದ ಹೊರಗೆಳೆದು, ಮೊಬೈಲ್ ಮುಂದೆ ನಿಲ್ಲಿಸಿ, ‘ಈ ಕಥೆಯ ನೀತಿ ಏನು, ಹೇಳು’ ಅಂದರು. ಹುಡುಗನ ಮುಖ ಪರೀಕ್ಷೆ ಹಾಲ್‌ನಲ್ಲಿ ಕೂತವನ ಹಾಗಾಯಿತು. ಒಂದು ನಿಮಿಷದ ಹಿಂದೆ ಅವನು ಲಾವಕ್ಕಿ ಆಗಿದ್ದ ರೀ!

ಇದನ್ನೇ ಹೋದ ವಿಡಿಯೊದಲ್ಲಿ ಹೇಳಿದ್ದಕ್ಕೆ ಒಬ್ಬರು ಬರೆದಿದ್ದಾರೆ: ‘ಅಕ್ಕಾರೆ, ನೀತಿ ಇಲ್ಲದ ಜಾತಕ ಕಥೆ ಉಪ್ಪಿಲ್ಲದ ಪಲ್ಲೆ ಇದ್ದಂಗ.’ ಅಣ್ಣಾರೆ, ಉಪ್ಪನ್ನ ಪಲ್ಯದೊಳಗೆ ಹಾಕ್ತಾರೆ. ಊಟ ಆದಮೇಲೆ ಒಂದು ಮುಷ್ಟಿ ಉಪ್ಪು ಬಾಯಿಗೆ ತುರುಕಿ ‘ರುಚಿ ಹೇಳು’ ಅಂತ ಕೇಳ್ತಾರಾ?

ಪಾಲಿ ಭಾಷೆಯ ಜಾತಕದಲ್ಲಿ 547 ಕಥೆಗಳಿವೆ. ಕಥೆ ಮುಗಿದ ಮೇಲೆ ಬುದ್ಧ ಏನು ಮಾಡುತ್ತಾನೆ ಗೊತ್ತಾ? ಆ ಜನ್ಮದಲ್ಲಿ ಯಾರು ಯಾರಾಗಿದ್ದರು ಅಂತ ಹೇಳುತ್ತಾನೆ. ಮೊಲದ ಕಥೆ ಹೇಳಿ ಮುಗಿಸಿ, ಆ ಮೊಲ ನಾನೇ ಆಗಿದ್ದೆ, ಅಂತ. ಕಥೆಯೊಳಗೆ ತಾನೇ ಇದ್ದೆ ಅನ್ನುತ್ತಾನೆ! ಬಲೆ ಕೆಳಗಿನ ಮಕ್ಕಳು ಮಾಡಿದ್ದೂ ಅದೇ ಅಲ್ವಾ? ಮಧ್ಯಪ್ರದೇಶದ ಭಾರ್ಹುತದಲ್ಲಿದ್ದ ಬೌದ್ಧ ಸ್ತೂಪದ ಕಲ್ಲುಗಳು ಕೋಲ್ಕತ್ತಾದ ಮ್ಯೂಸಿಯಂನಲ್ಲಿವೆ, 2 ಸಾವಿರ ವರ್ಷಕ್ಕೂ ಹಳೆಯವು. ಅಲ್ಲಿ ಜಾತಕ ಕೆತ್ತಿ ಪಕ್ಕದಲ್ಲಿ ಕಥೆಯ ಹೆಸರು ಬರೆದಿದ್ದಾರೆ. ಹೆಸರು, ಅಷ್ಟೇ. ನೋಡುವವರ ಮೇಲೆ ಎಷ್ಟು ನಂಬಿಕೆ ನೋಡ್ರಿ.

ಇನ್ನೊಬ್ಬರದು, ‘ಬುದ್ಧನ ಕಥೆ ನಮ್ಮ ಕಡೆ ಮಕ್ಕಳಿಗೆ ಯಾಕೆ?’ ನಮ್ಮ ಕಡೆಯೇ ರೀ! ಗದಗ ಜಿಲ್ಲೆಯ ದಂಬಳಕ್ಕೆ ಹೋಗಿ. ಅಲ್ಲಿ ಬೌದ್ಧರ ತಾರಾದೇವಿಯ ವಿಹಾರ, ಅಂದರೆ ಮಠ, ಇತ್ತು ಅಂತ 1095ರ ಶಾಸನ ಹೇಳುತ್ತದೆ, ಲಕ್ಕುಂಡಿಯ ಸೆಟ್ಟರೊಬ್ಬರು ಕಟ್ಟಿಸಿದ ವಿಹಾರದ ಮಾತೂ ಅದರಲ್ಲಿದೆ. ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಪಿಕ್‌ನಿಕ್ ಹೋಗಿ ಫೋಟೊ ತೆಗೆಸಿಕೊಂಡು ಬರ್ತೀರಿ, ಕಥೆ ಮಾತ್ರ ಬೇಡವಾ? ಈ ಮಾತು ಇಲ್ಲಿಗೆ ಬಿಡ್ತೀನಿ. ದಂಬಳದ ಮೇಲೆ ಒಂದು ವಿಡಿಯೊ ಮಾಡ್ತಿದ್ದೀನಿ, ಸಬ್‌ಸ್ಕ್ರೈಬ್ ಆಗಿರಿ, ಗಂಟೆ ಒತ್ತಿ.

ಮತ್ತೆ ಹೇಳ್ತೀನಿ, ನೀತಿ ಕೇಳಬೇಡ್ರಿ. ‘ಹಂಗಾದರೆ ಮಕ್ಕಳು ಕಲಿಯೋದು ಯಾವಾಗ?’ ಅಂತೀರಿ. ಬಲೆ ಎತ್ತುವಾಗಲೇ ಕಲಿತರು! ಒಬ್ಬ ಕೈ ಬಿಟ್ಟರೆ ಭಾರ ಯಾರ ಮೇಲೆ ಬೀಳುತ್ತದೆ ಅಂತ ಅವರ ತೋಳಿಗೆ ಗೊತ್ತಾಗಿದೆ. ಬಾಯಲ್ಲಿ ‘ಒಗ್ಗಟ್ಟಿನಲ್ಲಿ ಬಲವಿದೆ’ ಅನ್ನಿಸಿದರೆ ನಿಮಗೆ ಸಮಾಧಾನ, ಅಷ್ಟೇ.

ಅವತ್ತು ರಾತ್ರಿ ಧಾರವಾಡಕ್ಕೆ ವಾಪಸ್ ಬಂದು ಅಣ್ಣನ ಮಗಳೂ ನಾನೂ ಮಾಳಿಗೆ ಮೇಲೆ ಕೂತಿದ್ದೆವು. ಮೊಲ ಅತಿಥಿಗಾಗಿ ಬೆಂಕಿಗೆ ಹಾರುತ್ತದೆ, ಬೆಂಕಿ ಸುಡುವುದಿಲ್ಲ, ದೇವತೆಗಳ ರಾಜ ಶಕ್ರ ಬೆಟ್ಟವನ್ನೇ ಹಿಂಡಿ ಆ ರಸದಲ್ಲಿ ಚಂದ್ರನ ಮೇಲೆ ಮೊಲದ ಚಿತ್ರ ತೆಗೆಯುತ್ತಾನಲ್ಲ, ಆ ಕಥೆಯನ್ನೂ ಅವಳು ಪ್ರದರ್ಶನದಲ್ಲೇ ನೋಡಿದ್ದಳು. ಎಷ್ಟೋ ಹೊತ್ತು ಸುಮ್ನೆ ಚಂದ್ರನನ್ನು ನೋಡಿ, ‘ಅತ್ತಿ, ಬೆಟ್ಟದ ರಸ ಯಾವ ಬಣ್ಣ ಇರತೈತಿ?’ ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಬಣ್ಣದ ಡಬ್ಬಿ ತಂದು ಅವಳ ಮುಂದೆ ಇಟ್ಟೆ.

ಕೇಳಬೇಡ್ರಿ, ದಯವಿಟ್ಟು. ಭಾನುವಾರದ ನಮ್ಮ ಚಿತ್ರ ಕ್ಲಾಸಿಗೆ ಮಕ್ಕಳನ್ನು ಕಳಿಸಿ, ಈ ಸಲ ಮೊಲ. ಬರಲು ಆಗದವರು ಮನೆಯಲ್ಲೇ ತೆಗೆಸಿ ಫೋಟೊ ಕಳಿಸಿ, ಎಲ್ಲವನ್ನೂ ತೋರಿಸ್ತೀನಿ. ಚಿತ್ರದ ಕೆಳಗೆ ಮಗುವಿನ ಹೆಸರು ಸಾಕು.