ಗೊರಕೆ ಅಂದರೆ ನಿದ್ದೆಯಲ್ಲ

ಕೇಳುಗರಿಗೆ ನಮಸ್ಕಾರ. ಅರಿವಳಿಕೆ ಕೊಡುವ ಡಾಕ್ಟರ್ ನಾನು.

ಜೇವರ್ಗಿ ರಸ್ತೆಯಲ್ಲೋ ಸೇಡಂ ರಸ್ತೆಯಲ್ಲೋ ಬೈಕಿನಿಂದ ಬಿದ್ದವರನ್ನು ಟಂಟಂನಲ್ಲಿ ಅಂಗಾತ ಹಾಕಿಕೊಂಡು ದವಾಖಾನೆಗೆ ತರುತ್ತಾರೆ. "ಏನೂ ಆಗಿಲ್ರಿ ಸಾಹೇಬ್ರ, ಗೊರಕಿ ಹೊಡಿಲತ್ತಾನ" ಅಂತಾರೆ. ಆ ಮಾತು ಕೇಳಿದರೆ ನಮಗೆ ಎದೆ ಝಲ್ಲೆನ್ನುತ್ತದೆ.

ಪ್ರಜ್ಞೆ ತಪ್ಪಿದಾಗ ದವಡೆ, ನಾಲಿಗೆ, ಗಂಟಲು ಎಲ್ಲ ಸಡಿಲಾಗುತ್ತವೆ. ನಾಲಿಗೆಯ ಬುಡ ಹಿಂದಕ್ಕೆ ಜಾರಿ ಉಸಿರಿನ ದಾರಿಗೆ ಅಡ್ಡ ಬೀಳುತ್ತದೆ. ಉಳಿದ ಸಂದಿಯಲ್ಲಿ ಗಾಳಿ ತೂರುವ ಸದ್ದು ಅದು. ಸದ್ದು ನಿಂತರೆ ಸಮಾಧಾನಪಡಬೇಡಿ, ದಾರಿ ಪೂರ್ತಿ ಮುಚ್ಚಿರಬಹುದು.

ನಾಲಿಗೆ ಹಿಂದಕ್ಕೆ ಬೀಳದಂತೆ ಹಿಡಿಯಲು ನಮ್ಮ ಟ್ರೇಯಲ್ಲಿ ಬಾಗಿದ ಗಟ್ಟಿ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಅಮೆರಿಕದ ಅರಿವಳಿಕೆ ಡಾಕ್ಟರ್ ಆರ್ಥರ್ ಗೆಡೆಲ್ 1933ರಲ್ಲಿ ವಿವರಿಸಿದ್ದು. ಅದನ್ನು ರೋಗಿಯ ಕೆನ್ನೆಗೆ ಹಿಡಿದು, ಬಾಯಿಯ ಅಂಚಿನಿಂದ ದವಡೆಯ ಮೂಲೆಗೆ ಅಳತೆ ನೋಡುತ್ತೇವೆ. ಚಿಕ್ಕದಾದರೆ ಅದೇ ನಾಲಿಗೆಯನ್ನು ಹಿಂದಕ್ಕೆ ತಳ್ಳುತ್ತದೆ. ದೊಡ್ಡವರಿಗೆ ತಲೆಕೆಳಗಾಗಿ ಬಾಯಿಗಿಟ್ಟು, ಒಳಗೆ ಹೋಗುತ್ತಾ ಅರ್ಧ ಸುತ್ತು ತಿರುಗಿಸುತ್ತೇವೆ. ಸ್ವಲ್ಪ ಎಚ್ಚರ ಇದ್ದವರಿಗೆ ಇದು ಬೇಡ, ಓಕರಿಕೆ ಬಂದು ವಾಂತಿಯಾಗುತ್ತದೆ. ಅಂಥವರಿಗೆ ಮೂಗಿನಿಂದ ಇಳಿಸುವ ಮೆತ್ತನೆಯ ಕೊಳವೆ ಇದೆ. ತಲೆಬುರುಡೆಯ ತಳ ಒಡೆದ ಅನುಮಾನ ಇದ್ದರೆ ಅದನ್ನೂ ಹಾಕುವುದಿಲ್ಲ.

1981ರಲ್ಲಿ ಬ್ರಿಟನ್ನಿನ ಅರಿವಳಿಕೆ ಡಾಕ್ಟರ್ ಆರ್ಚಿ ಬ್ರೇನ್, ಉಸಿರಿನ ದಾರಿ ತೆರೆದಿಡಲು ಗಂಟಲೊಳಗೆ ಧ್ವನಿಪೆಟ್ಟಿಗೆಯ ಮೇಲೆ ಕೂರುವ ಪುಟ್ಟ ಮಾಸ್ಕ್ ರೂಪಿಸಿದರು. ಆದರೆ ವಾಂತಿ ಶ್ವಾಸಕೋಶಕ್ಕೆ ಇಳಿಯದಂತೆ ಚೆನ್ನಾಗಿ ತಡೆಯುವುದು ಶ್ವಾಸನಾಳಕ್ಕೇ ಇಳಿಸುವ, ತುದಿಯಲ್ಲಿ ಗಾಳಿಬುಗ್ಗೆ ಇರುವ ಕೊಳವೆ. ಇದನ್ನು ನಂಬಿಸಲು ಗೆಡೆಲ್ ತಮ್ಮ ನಾಯಿಗೇ ಅರಿವಳಿಕೆ ಕೊಟ್ಟು, ಕೊಳವೆ ಹಾಕಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತೋರಿಸಿದ್ದರು. ನಾಯಿಗೆ ಏನೂ ಆಗಲಿಲ್ಲ. ಅದರ ಹೆಸರು ಏರ್‌ವೇ, ಅಂದರೆ ಉಸಿರಿನ ದಾರಿ, ಅಂತೆ! ಇವತ್ತು ಯಾರಾದರೂ ಹಾಗೆ ಮಾಡಿದರೆ ಜನ ಸುಮ್ನೆ ಬಿಡ್ತಾರಾ?

ಇವೆಲ್ಲ ಕಲಿತವರ ಕೈಯ ಸಾಮಾನು. ಮನೆಯಲ್ಲಿ ಚಮಚ, ಬಟ್ಟೆ ಯಾವುದನ್ನೂ ಬಾಯಿಗೆ ತುರುಕಬೇಡಿ. ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಉಳ್ಳಾಗಡ್ಡಿ ಮೂಸಿಸುತ್ತಾ ಕೂತರೆ ಹೊತ್ತು ಹೋಗುತ್ತದೆ ಅಷ್ಟೆ. 108ಕ್ಕೆ ಫೋನ್ ಮಾಡಿ. ಪೆಟ್ಟು ಬಿದ್ದಿಲ್ಲ, ಉಸಿರಾಟ ಸರಿಯಾಗಿದೆ ಅಂದರೆ ಮಗ್ಗುಲಾಗಿ ಮಲಗಿಸಿ, ಗದ್ದ ತುಸು ಮೇಲೆತ್ತಿ. ಬಿದ್ದವರಾದರೆ ಕುತ್ತಿಗೆ ತಿರುಗಿಸಬೇಡಿ. ತಲೆಯ ಹಿಂದೆ ಕೂತು, ಎರಡೂ ಕಿವಿಯ ಕೆಳಗೆ ದವಡೆಗೆ ಬೆರಳು ಕೊಟ್ಟು ಮೇಲಕ್ಕೆತ್ತಿ ಹಿಡಿಯಿರಿ. ವಾಂತಿ ಬಂದರೆ ಮೂರು ನಾಲ್ಕು ಜನ ಸೇರಿ ತಲೆ, ಮೈ ಒಟ್ಟಿಗೇ ಹೊರಳಿಸಿ. ಉಸಿರೇ ನಿಂತರೆ ಎದೆ ಒತ್ತಲು ಶುರು ಮಾಡಿ. ಹೇಗೆ ಅಂತ 108ರವರನ್ನು ಫೋನಿನಲ್ಲೇ ಕೇಳಿ, ಸ್ಪೀಕರ್ ಹಾಕಿಕೊಳ್ಳಿ.