ಟವೆಲ್ಲಿನಡಿ ಆಗಬೇಕಿದ್ದ ಮಾತು

ಕೇಳುಗರಿಗೆ ನಮಸ್ಕಾರ.

ಕ್ರಿಸ್ತಪೂರ್ವ 425ರ ಬೇಸಿಗೆ. ಅಥೆನ್ಸಿಗೂ ಸ್ಪಾರ್ಟಾಕ್ಕೂ ಯುದ್ಧ ಹತ್ತಿಕೊಂಡು ಅದು ಏಳನೇ ವರ್ಷ. ಗ್ರೀಸಿನ ನೈಋತ್ಯ ಕರಾವಳಿಯ ಪೈಲೋಸ್ ಬಂದರಿಗೆ ಅಡ್ಡಲಾಗಿ ಮಲಗಿದೆ ಸ್ಫಾಕ್ಟೀರಿಯಾ ಎಂಬ ಕಿರಿದಾದ ದ್ವೀಪ. ಅದರ ಮೇಲೆ ಸ್ಪಾರ್ಟಾದ ಕಡೆಯ 420 ಯೋಧರು ಸಿಕ್ಕಿಬಿದ್ದಿದ್ದಾರೆ. ಸುತ್ತಲೂ ಅಥೆನ್ಸಿನ ಹಡಗುಗಳ ಕಾವಲು.

ಸ್ಪಾರ್ಟಾ ಕದನವಿರಾಮ ಕೇಳಿತು. ಷರತ್ತು ಕಟುವಾಗಿತ್ತು. ಅಲ್ಲಿದ್ದ, ತನ್ನ ನಾಡಿನಲ್ಲಿದ್ದ ಯುದ್ಧದ ಹಡಗುಗಳನ್ನೆಲ್ಲ, ಸುಮಾರು 60 ಹಡಗುಗಳನ್ನು, ಅದು ಅಡವಿಟ್ಟಂತೆ ಒಪ್ಪಿಸಬೇಕು. ಬದಲಿಗೆ ದ್ವೀಪದಲ್ಲಿರುವವರಿಗೆ ದಿನಕ್ಕೆ ತಲಾ ಎರಡು ಲೀಟರಿನಷ್ಟು ಜವೆಗೋಧಿ ಹಿಟ್ಟು ಕಲಸಿದ್ದು, ಅರ್ಧ ಲೀಟರಿನಷ್ಟು ದ್ರಾಕ್ಷಾರಸ, ಒಂದು ತುಂಡು ಮಾಂಸ. ಆಳುಗಳಿಗೆ ಅದರಲ್ಲಿ ಅರ್ಧ. ಊಟದ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಬರೆದಿಟ್ಟ ಒಪ್ಪಂದ ಅದು.

ಸಂಧಿ ಮಾತಾಡಲು ಸ್ಪಾರ್ಟಾದ ದೂತರು ಅಥೆನ್ಸಿಗೆ ಬಂದರು. ಅಲ್ಲಿ ರಾಜನಿಲ್ಲ, ಮಂತ್ರಿಯಿಲ್ಲ. ಯುದ್ಧವೋ ಸಂಧಿಯೋ ತೀರ್ಮಾನಿಸುವುದು ಪ್ನಿಕ್ಸ್ ಗುಡ್ಡದ ಮೇಲೆ ಸೇರುವ ಸಾವಿರಾರು ನಾಗರಿಕರು. ಸ್ಪಾರ್ಟಾದವರು ಮಿತಭಾಷಿಗಳು. ಎರಡು ಮಾತು ಸಾಲುವಲ್ಲಿ ನಾಲ್ಕು ಆಡುವುದು ನಮ್ಮ ವಾಡಿಕೆಯಲ್ಲ, ಆದರೆ ಇವತ್ತು ಆಡಲೇಬೇಕಾಗಿದೆ ಎಂದೇ ಶುರುಮಾಡಿದರು. ನಿಮ್ಮ ಕೈ ಈಗ ಮೇಲಾಗಿದೆ, ಅದೃಷ್ಟ ಹೀಗೇ ಇರುತ್ತದೆಂದು ನಂಬಬೇಡಿ ಎಂದರು. ಸೋತವನ ಕೈಕಟ್ಟಿ ಆಣೆ ಹಾಕಿಸಿಕೊಂಡರೆ ಹಗೆ ಉಳಿಯುತ್ತದೆ; ಗೆಲ್ಲಬಹುದಾದವನೇ ಕೊಂಚ ಸಡಿಲಿಸಿದರೆ ಸೋತವನು ಋಣಕ್ಕಾದರೂ ಮಾತಿಗೆ ನಿಲ್ಲುತ್ತಾನೆ ಎಂದರು. ಇದನ್ನು ನಮಗೆ ಉಳಿಸಿಕೊಟ್ಟವನು ಆ ಯುದ್ಧದ ಇತಿಹಾಸ ಬರೆದ ಅಥೆನ್ಸಿನ ಥುಸಿಡಿಡೀಸ್. ತಾನು ಬರೆದ ಭಾಷಣಗಳು ಅಕ್ಷರಕ್ಕೆ ಅಕ್ಷರ ಆಡಿದ ಮಾತಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ.

ಆಗ ಅಥೆನ್ಸಿನ ಮುಖಂಡ ಕ್ಲಿಯೋನ್ ಎದ್ದ. ಜನರ ಮೇಲೆ ಅವನಿಗಿದ್ದ ಹಿಡಿತ ಆಗ ಇನ್ನಾರಿಗೂ ಇರಲಿಲ್ಲ. ಮೊದಲು ದ್ವೀಪದವರು ಶರಣಾಗಿ ಇಲ್ಲಿಗೆ ಬರಲಿ, ಆಮೇಲೆ ನಿಸೇಯಾ, ಪೇಗೇ, ಟ್ರೋಯ್‌ಜೆನ್, ಅಖೇಯಾ ಈ ಜಾಗಗಳನ್ನೆಲ್ಲ ಕೊಡಿ, ಆಗ ಸಂಧಿ ಎಂದ. ದೂತರು ಬೇಡವೆನ್ನಲಿಲ್ಲ, ಕೆಲವರನ್ನು ನೇಮಿಸಿ, ಒಂದೊಂದನ್ನೇ ಶಾಂತವಾಗಿ ಕೂತು ಮಾತಾಡೋಣ ಎಂದರು. ಕ್ಲಿಯೋನನಿಗೆ ಅಷ್ಟೇ ಸಾಕಾಯಿತು. ಇವರ ಮನಸ್ಸು ನೆಟ್ಟಗಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು, ಹೇಳುವುದಿದ್ದರೆ ಎಲ್ಲರೆದುರೇ ಹೇಳಲಿ ಎಂದು ಅಬ್ಬರಿಸಿದ.

ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ದರ ಕುದುರಿಸುವುದನ್ನು ನೋಡಿದ್ದೀರಲ್ಲ? ಟವೆಲ್ ತೆಗೆದು ಕೂಗಿ ಹೇಳಿ ಎಂದರೆ ವ್ಯಾಪಾರವೇ ಮುರಿಯುತ್ತದೆ. ಸ್ಪಾರ್ಟಾದ ದೂತರ ಪಾಡೂ ಅದೇ. ಇಂಥದ್ದನ್ನು ಬಿಟ್ಟುಕೊಡುತ್ತೇವೆಂದು ಬಹಿರಂಗವಾಗಿ ಹೇಳಿ, ಆಮೇಲೆ ಸಂಧಿಯೂ ಆಗದಿದ್ದರೆ, ಮಿತ್ರರಿಗೆ ಯಾವ ಮುಖ ತೋರಿಸುವುದು? ತುಟಿ ಬಿಚ್ಚದೆ ಊರಿಗೆ ಹೋದರು.

ಎಲ್ಲರೆದುರೇ ಹೇಳಲಿ ಎಂದು ಕ್ಲಿಯೋನ್ ಕೇಳಿದ್ದು ಪೂರ್ತಿ ತಪ್ಪು ಎನ್ನಲು ನನಗೆ ಮನಸ್ಸಾಗುವುದಿಲ್ಲ. ನಿಸೇಯಾ, ಪೇಗೇ ಎರಡೂ ಸ್ಪಾರ್ಟಾದ ಮಿತ್ರನಾಗಿದ್ದ ಮೆಗಾರಾ ಎಂಬ ಊರಿನ ಬಂದರುಗಳು. ಒಳಕೋಣೆಯಲ್ಲಿ ಚೌಕಾಸಿ ಆಗಬೇಕಿದ್ದದ್ದು ಇನ್ನೊಬ್ಬರ ಮನೆಯ ಬಾಗಿಲು. ಥುಸಿಡಿಡೀಸನಿಗೂ ಕ್ಲಿಯೋನನನ್ನು ಕಂಡರಾಗುತ್ತಿರಲಿಲ್ಲ, ಅದನ್ನೂ ನೆನಪಿಡಬೇಕು.

ಕದನವಿರಾಮ ಮುಗಿಯಿತು. ಏನೇನೋ ನೆಪ ತೆಗೆದು ಅಥೆನ್ಸ್ ಆ ಹಡಗುಗಳನ್ನು ಹಿಂದಿರುಗಿಸಲಿಲ್ಲ. ಗಸಗಸೆಗೆ ಜೇನು ಬೆರೆಸಿ, ಅಗಸೆಬೀಜ ಕುಟ್ಟಿ, ಚರ್ಮದ ಚೀಲದಲ್ಲಿ ತುಂಬಿ, ಹಗ್ಗ ಕಟ್ಟಿ ಎಳೆಯುತ್ತ ಸ್ಪಾರ್ಟಾದ ಕಡೆಯ ಮುಳುಗು ಈಜುಗಾರರು ದ್ವೀಪಕ್ಕೆ ಸಾಗಿಸತೊಡಗಿದರು. ಮುತ್ತಿಗೆ ಎಳೆದಷ್ಟೂ ಅಥೆನ್ಸಿನವರಿಗೆ ಸಂಧಿ ತಳ್ಳಿದ್ದಕ್ಕೆ ಪಶ್ಚಾತ್ತಾಪ. ನಾನಾಗಿದ್ದರೆ ಯಾವತ್ತೋ ಹಿಡಿದುತರುತ್ತಿದ್ದೆ ಎಂದು ಕ್ಲಿಯೋನ್ ಬಾಯಿಬಿಟ್ಟ. ಹಾಗಾದರೆ ನೀನೇ ಹೋಗು ಎಂದು ಸೇನಾಪತಿ ನಿಕಿಯಾಸ್ ಅಧಿಕಾರವನ್ನೇ ಬಿಟ್ಟುಕೊಟ್ಟ. ಕ್ಲಿಯೋನ್ ಹಿಂಜರಿದರೂ ಜನ ಬಿಡಲಿಲ್ಲ. 20 ದಿನದಲ್ಲಿ ತರುತ್ತೇನೆ ಎಂದಾಗ ಸಭೆ ನಕ್ಕಿತು. ಅವನು ತಂದೇ ತಂದ: ಜೀವಂತ ಸೆರೆಸಿಕ್ಕವರು 292, ಅವರಲ್ಲಿ ಅಪ್ಪಟ ಸ್ಪಾರ್ಟಾದವರು ಸುಮಾರು 120.

ಸಂಧಿಯಾಗಲು ಮುಂದೆ ಕ್ರಿಸ್ತಪೂರ್ವ 421ರವರೆಗೆ ಕಾಯಬೇಕಾಯಿತು, ಅದೂ ಕ್ಲಿಯೋನ್ ರಣರಂಗದಲ್ಲಿ ಸತ್ತ ಮೇಲೆ. 50 ವರ್ಷದ ಸಂಧಿ ಎಂದು ಬರೆದುಕೊಂಡರು. ಏಳು ವರ್ಷವೂ ತುಂಬಲಿಲ್ಲ. ಸೆರೆಯಾಳುಗಳು ಊರು ಸೇರಿದರು. ಅವರಿಂದ ಕಸಿದ ಒಂದು ಕಂಚಿನ ಗುರಾಣಿ ಮಾತ್ರ ಅಥೆನ್ಸಿನಲ್ಲೇ ಉಳಿಯಿತು. ಹಳೆಯ ಪೇಟೆಯ ಅಗೆತದಲ್ಲಿ ಸಿಕ್ಕ ಅದನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಕಿಲುಬು ತಿಂದು ಹಾಳಾಗಿದೆ. ಮೈಮೇಲೆ ಚುಚ್ಚಿ ಕೊರೆದ ಅಕ್ಷರಗಳು: ಪೈಲೋಸಿನಲ್ಲಿ ಸ್ಪಾರ್ಟಾದವರಿಂದ ಅಥೆನ್ಸಿನವರು ಪಡೆದದ್ದು.

ನಮಸ್ಕಾರ.