ಬರ್ನ್ಟ್ ಸಿಯೆನಾ ಕೊಳ್ಳುವ ಮೊದಲು ಟ್ಯೂಬ್ ತಿರುಗಿಸಿ ನೋಡಿ

ಎಲ್ಲರಿಗೂ ನಮಸ್ಕಾರ.

ಜಲವರ್ಣ ಕಲಿಯಲು ಹೊರಟವರು ಅಂಗಡಿಯಲ್ಲಿ ಮೊದಲು ಕೈ ಹಾಕುವುದು ಕೆಂಪು, ನೀಲಿ, ಹಸಿರಿಗೆ. ಕಂದು ಬಣ್ಣದ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಪೆಟ್ಟಿಗೆಯಲ್ಲಿ ಹೇಗೂ ಒಂದು ಇರುತ್ತದೆ, ಮರದ ಕಾಂಡಕ್ಕೆ ಬಳಿದರಾಯಿತು, ಅಲ್ವಾ? ನನ್ನನ್ನು ಕೇಳಿದರೆ ಮೊದಲು ದುಡ್ಡು ಹಾಕಬೇಕಾದ್ದು ಇದಕ್ಕೇ. ಒಂದು ಒಳ್ಳೆಯ ಬರ್ನ್ಟ್ ಸಿಯೆನಾ, ಅದರ ಜೊತೆಗೆ ಒಂದು ಅಲ್ಟ್ರಾಮರೀನ್ ನೀಲಿ. ಕಲಿಯುವ ಮೊದಲ ಕೆಲವು ತಿಂಗಳಿಗೆ ಇವೆರಡೇ ಸಾಕು.

ಬರ್ನ್ಟ್ ಸಿಯೆನಾ ಮೂಲತಃ ಮಣ್ಣು. ಇಟಲಿಯ ಸಿಯೆನಾ ಊರಿನ ಸುತ್ತ ಸಿಗುತ್ತಿದ್ದ ಹಳದಿ ಮಣ್ಣನ್ನು ಹುರಿದರೆ ಕೆಂಪು ಮಿಶ್ರಿತ ಕಂದು ಬರುತ್ತದೆ. ಮಣ್ಣಿನ ಕಬ್ಬಿಣದ ಅಂಶದಲ್ಲಿ ಸೇರಿಕೊಂಡಿದ್ದ ನೀರು ಶಾಖಕ್ಕೆ ಹೊರಟುಹೋಗುತ್ತದೆ, ಹಳದಿ ಕೆಂಪಾಗುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಕೆಂಪಿನ ಹಿಂದೆ ಇರುವುದೂ ಬೆಂಕಿ ಕಂಡ ಈ ಕಬ್ಬಿಣವೇ. ಅಂಬರ್ ಎಂಬ ಇನ್ನೊಂದು ಕಂದು ಮಣ್ಣಿನಲ್ಲಿ ಕಬ್ಬಿಣದ ಜೊತೆ ಮ್ಯಾಂಗನೀಸ್ ಜಾಸ್ತಿ. ಹಾಗಾಗಿ ಅದನ್ನು ಹುರಿದು ಮಾಡುವ ಬರ್ನ್ಟ್ ಅಂಬರ್ ಇನ್ನೂ ಗಾಢ.

ಕಬ್ಬಿಣದ ಬಣ್ಣ ಬಿಸಿಲಿಗೆ ಮಾಸುವುದಿಲ್ಲ. ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯ ಮೇಲಿನ ಕೆಮ್ಮಣ್ಣಿನ ಕಾವಿ ಚಿತ್ರಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಅಂಗಡಿಗೆ ಬರೋಣ. ಟ್ಯೂಬಿನ ಮುಂದೆ ಬರೆದ ಹೆಸರನ್ನು ನಂಬಬೇಡಿ. ತಿರುಗಿಸಿ, ಸಣ್ಣ ಅಕ್ಷರದಲ್ಲಿರುವ ವರ್ಣದ್ರವ್ಯದ, ಅಂದರೆ ಬಣ್ಣ ಕೊಡುವ ಪುಡಿಯ, ಸಂಖ್ಯೆ ಓದಿ. ಪಿಬಿಆರ್ 7 ಎಂದಿದ್ದರೆ ಸಿಯೆನಾ, ಅಂಬರ್ ಗುಂಪಿನ ಮಣ್ಣಿನ ಕಂದು. ಪಿಆರ್ 101 ಎಂದಿದ್ದರೆ ಕಾರ್ಖಾನೆಯಲ್ಲಿ ತಯಾರಾದ ಕಬ್ಬಿಣದ ಆಕ್ಸೈಡ್. ಡೇನಿಯಲ್ ಸ್ಮಿತ್ ಕಂಪನಿಯ ಬರ್ನ್ಟ್ ಸಿಯೆನಾ ಮೊದಲನೆಯದು, ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ಪ್ರೊಫೆಷನಲ್ ಸಾಲಿನದು ಎರಡನೆಯದು. ಎರಡೂ ಚೆನ್ನಾಗಿವೆ, ಆದರೆ ಕಾಗದದ ಮೇಲೆ ಒಂದೇ ಥರ ಇರುವುದಿಲ್ಲ. ಮೊದಲನೆಯದರಲ್ಲಿ ಸ್ವಲ್ಪ ಮಣ್ಣುತನ ಉಳಿದಿರುತ್ತದೆ. ಎರಡನೆಯದು ಕಿತ್ತಳೆಯ ಕಡೆಗೆ ವಾಲುತ್ತದೆ, ಸಮವಾಗಿ ಹರಡುತ್ತದೆ. ನನಗೆ ಮೊದಲನೆಯದೇ ಇಷ್ಟ, ಬಂಡೆ ಬರೆಯುವ ಹುಚ್ಚು ಇರುವುದರಿಂದ.

ಒಂದೇ ಸಂಖ್ಯೆ ಇರುವ ಟ್ಯೂಬ್ ಆರಿಸಿ. ಎರಡು ಮೂರು ಸಂಖ್ಯೆ ಇದ್ದರೆ ಅದು ಆಗಲೇ ಮಿಶ್ರಣ. ನೀವು ಇನ್ನೊಂದು ಬಣ್ಣ ಸೇರಿಸುವಷ್ಟರಲ್ಲಿ ರಾಡಿಯಾಗುವ ಸಾಧ್ಯತೆ ಹೆಚ್ಚು. ಸೆಪಿಯಾ ಹೆಸರಿನ ಕಡುಗಂದು ಬಣ್ಣಗಳಲ್ಲಿ ಸಾಮಾನ್ಯವಾಗಿ ಕಪ್ಪು ಬೆರೆತಿರುತ್ತದೆ. ಅದನ್ನು ಸುಮ್ನೆ ದುಡ್ಡು ಕೊಟ್ಟು ತರಬೇಡಿ, ಮನೆಯಲ್ಲೇ ಬೆರೆಸಿಕೊಳ್ಳಬಹುದು. ಪಾರದರ್ಶಕತೆಯ ಗುರುತನ್ನೂ ನೋಡಿ. ಹಲವು ಕಂಪನಿಗಳು ಸಣ್ಣ ಚೌಕ ಹಾಕಿರುತ್ತವೆ. ಖಾಲಿ ಚೌಕ ಅಂದರೆ ಪಾರದರ್ಶಕ, ತುಂಬಿದ ಚೌಕ ಅಂದರೆ ಅಪಾರದರ್ಶಕ.

ಬಳಕೆಯಲ್ಲಿ ನಿಜವಾದ ಮಜಾ ನೀಲಿ ಬೆರೆಸಿದಾಗ. ಬರ್ನ್ಟ್ ಸಿಯೆನಾ ಅಂದರೆ ಒಂದು ರೀತಿಯಲ್ಲಿ ಗಾಢ ಕಿತ್ತಳೆ. ಅಲ್ಟ್ರಾಮರೀನ್ ಅದರ ಎದುರು ಬಣ್ಣ. ಎರಡೂ ಸೇರಿದರೆ ಒಂದು ಇನ್ನೊಂದರ ಆರ್ಭಟ ಇಳಿಸಿ ಬೂದು ಬಣ್ಣ ಹುಟ್ಟುತ್ತದೆ. ನೀಲಿ ಜಾಸ್ತಿಯಾದರೆ ಮಳೆಗಾಲದ ಮೋಡ. ಕಂದು ಜಾಸ್ತಿಯಾದರೆ ಸಂಜೆ ಬಿಸಿಲಿಗೆ ಕಾದ ಹಂಪಿಯ ಗುಂಡುಬಂಡೆ. ನೀರು ಕಡಿಮೆ ಮಾಡಿ ದಪ್ಪಗೆ ಬೆರೆಸಿದರೆ ಹತ್ತಿರ ಹತ್ತಿರ ಕಪ್ಪು. ಅಲ್ಟ್ರಾಮರೀನ್‌ನ ಕಣಗಳು ಕಾಗದದ ಗುಳಿಗಳಲ್ಲಿ ಕೂರುತ್ತವೆ, ಕಂದು ಅಲ್ಲಲ್ಲಿ ಬೇರೆಯಾಗಿ ಕಾಣಿಸುತ್ತದೆ. ಒರಟು ಮೈಯ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದವಾದರೆ ಕಲ್ಲಿನ ತರಿತರಿ ತಾನಾಗೇ ಬರುತ್ತದೆ. ನಾವು ಮಾಡಬೇಕಾದ್ದು ಕುಂಚ ಎತ್ತಿಟ್ಟು ಕಾಯುವುದು. ಬಹಳ ಜನಕ್ಕೆ ಅದೇ ಕಷ್ಟ!

ಹಸಿರಿಗೂ ಇದೇ ಮದ್ದು. ಟ್ಯೂಬಿನಿಂದ ನೇರವಾಗಿ ಬಳಿದ ಹಸಿರು ಪ್ಲಾಸ್ಟಿಕ್ ಎಲೆಯಂತೆ ಹೊಡೆದು ಕಾಣುತ್ತದೆ. ಕುಂಚದ ತುದಿಯಷ್ಟು ಬರ್ನ್ಟ್ ಸಿಯೆನಾ ಸೇರಿಸಿ, ಅಡಿಕೆ ತೋಟದ ನೆರಳು ಬರುತ್ತದೆ. ನಮ್ಮ ಮೈಬಣ್ಣಕ್ಕೂ ತೆಳುವಾಗಿ ನೀರು ಬೆರೆಸಿದ ಇದೇ ಬಣ್ಣ ಒಳ್ಳೆಯ ಆರಂಭ.

ಆದರೆ ಮರದ ಕಾಂಡಕ್ಕೆ ದಯವಿಟ್ಟು ಇದನ್ನು ಹಾಗೇ ಬಳಿಯಬೇಡಿ. ಶಾಲೆಯ ಡ್ರಾಯಿಂಗ್ ಪುಸ್ತಕ ಬಿಟ್ಟು ಹೊರಗೆ ನೋಡಿ. ತೆಂಗಿನ ಕಾಂಡ ಬೂದು. ಮಾವಿನದೂ ಬಹುತೇಕ ಬೂದು. ಕಂದು ಕಾಣುವುದು ಅಲ್ಲೊಂದು ಇಲ್ಲೊಂದು ತುಣುಕು ಮಾತ್ರ.

‘ಕಂದು ಹಾಕಿದರೆ ಚಿತ್ರ ಕೊಳೆಯಾಗುತ್ತದೆ’ ಎಂಬ ದೂರು ಕೇಳುತ್ತಲೇ ಇರುತ್ತೇನೆ. ಕೊಳೆಯಾಗುವುದು ಅರ್ಧ ಒಣಗಿದ ಬಣ್ಣದ ಮೇಲೆ ಮತ್ತೆ ಮತ್ತೆ ಉಜ್ಜುವುದರಿಂದ, ನಾಲ್ಕೈದು ಬಣ್ಣ ಒಟ್ಟಿಗೆ ಕಲಸುವುದರಿಂದ. ಒದ್ದೆ ಇದ್ದಾಗಲೇ ಮುಗಿಸಿ, ಇಲ್ಲವೇ ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೆ ಬಣ್ಣ ತಿಳಿಯಾಗುವುದರಿಂದ ಒದ್ದೆಯಲ್ಲಿ ಕೊಂಚ ಗಾಢವಾಗಿಯೇ ಹಾಕಿ.

ಮಳೆಗಾಲದಲ್ಲಿ ಪ್ಯಾಲೆಟ್ಟನ್ನು ಒದ್ದೆಯಾಗಿದ್ದಾಗಲೇ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಬಣ್ಣದಲ್ಲಿ ಅಂಟು ಇರುತ್ತದೆ, ಕೆಲವದರಲ್ಲಿ ಜೇನುತುಪ್ಪವೂ ಇರುತ್ತದೆ. ಟ್ಯೂಬಿನೊಳಗೆ ಬಣ್ಣ ಗಟ್ಟಿಯಾಗಿದ್ದರೆ ಎಸೆಯಬೇಡಿ. ಟ್ಯೂಬ್ ಸೀಳಿ ತುಂಡು ಹೊರತೆಗೆದು ನೀರು ತಾಗಿಸಿದರೆ ಮತ್ತೆ ಕರಗುತ್ತದೆ. ಕುಂಚವನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸ ಇದ್ದವರು ಬಿಡಿ, ಅಂಬರ್‌ನಲ್ಲಿ ಮ್ಯಾಂಗನೀಸ್ ಇದೆ ಎಂದೆನಲ್ಲ.

ಮೇಜಿನ ಮೇಲೆ ಎರಡು ಥರದ ಬರ್ನ್ಟ್ ಸಿಯೆನಾ, ನೀಲಿ, ಕಾಗದದ ಚೂರು ಇಟ್ಟಿದ್ದೇನೆ. ಹತ್ತಿರ ಬನ್ನಿ, ನೀವೇ ಬೆರೆಸಿ ನೋಡಿ. ಪ್ರಶ್ನೆಗಳನ್ನು ಅಲ್ಲೇ ಕೇಳಿ.